ಯುಎಸ್‌ಬಿ ಸಾಧನ ಗುರುತಿಸದಿರುವ ದೋಷ

ಯುಎಸ್‌ಬಿ ಸಾಧನ ಗುರುತಿಸದಿರುವ ದೋಷವೆಂದರೆ ಯುಎಸ್‌ಬಿ ಪೋರ್ಟಿಗೆ ಜೋಡಿಸಿದ ಪೆನ್‌ಡ್ರೈವ್, ಹೊರ ಹಾರ್ಡ್‌ಡಿಸ್ಕ್, ಕೀಲಿಮಣೆ, ಪ್ರಿಂಟರ್, ಮೊಬೈಲ್ ಫೋನ್ ಮೊದಲಾದ ಸಾಧನವನ್ನು ಗಣಕಯಂತ್ರವು ಕಾಣದಿರುವ, ಅಥವಾ ಕಂಡರೂ ಬಳಕೆಗೆ ಒದಗಿಸದಿರುವ ಸ್ಥಿತಿ. ಬಳಕೆದಾರರಿಗೆ ಇದು ಒಂದೇ ತೊಂದರೆಯಾಗಿ ತೋರಿದರೂ ಇದರ ಹಿಂದೆ ಬೇರೆ ಬೇರೆ ಕಾರಣಗಳಿರುತ್ತವೆ. ಸಾಧನಕ್ಕೆ ವಿದ್ಯುತ್ ತಲಪುವುದರಿಂದ ಹಿಡಿದು ಅದರೊಳಗಿನ ಕಡತವು ಪರದೆಯ ಮೇಲೆ ತೆರೆದುಕೊಳ್ಳುವವರೆಗೆ ಹಲವು ಹಂತಗಳಿದ್ದು, ಅವುಗಳಲ್ಲಿ ಯಾವುದೊಂದು ತಪ್ಪಿದರೂ ಸಾಧನವೇ ಕೆಟ್ಟಿದೆ ಎಂಬ ಭಾವನೆ ಬರುತ್ತದೆ. ಆದುದರಿಂದ ಯಾವ ಹಂತದಲ್ಲಿ ಕೆಲಸ ನಿಂತಿದೆ ಎಂಬುದನ್ನು ಕಂಡುಕೊಳ್ಳುವುದೇ ದೋಷನಿವಾರಣೆಯ ಮೊದಲ ಹೆಜ್ಜೆ.

ಸಾಧನದಲ್ಲಿ ದತ್ತಾಂಶವಿದ್ದಾಗ ಈ ವಿವೇಚನೆ ಇನ್ನಷ್ಟು ಮುಖ್ಯವಾಗುತ್ತದೆ. ಪೆನ್‌ಡ್ರೈವ್ ತೆರೆಯದಿದ್ದಾಗ ಪರದೆಯ ಮೇಲೆ ಮೂಡುವ ಫಾರ್ಮ್ಯಾಟ್ ಸೂಚನೆಯನ್ನು ಅವಸರದಲ್ಲಿ ಒಪ್ಪಿಕೊಂಡು, ಉಳಿಸಿಕೊಳ್ಳಬಹುದಾಗಿದ್ದ ಕಡತಗಳನ್ನು ಕಳೆದುಕೊಂಡವರು ಅನೇಕರು.

ಹಿನ್ನೆಲೆ

1990ರ ದಶಕದ ಮಧ್ಯದವರೆಗೆ ಕೀಲಿಮಣೆ, ಮೌಸ್, ಪ್ರಿಂಟರ್, ಮೋಡೆಮ್‌ಗಳಿಗೆ ಗಣಕಯಂತ್ರದ ಹಿಂಬದಿಯಲ್ಲಿ ಬೇರೆ ಬೇರೆ ಆಕಾರದ ಪೋರ್ಟುಗಳಿರುತ್ತಿದ್ದವು. ಹೊಸ ಸಾಧನ ಜೋಡಿಸಲು ಯಂತ್ರವನ್ನು ನಿಲ್ಲಿಸಿ ಮತ್ತೆ ಆರಂಭಿಸಬೇಕಾಗುತ್ತಿತ್ತು. ಈ ತೊಡಕನ್ನು ನಿವಾರಿಸಲು ಕಾಂಪ್ಯಾಕ್, ಡಿಇಸಿ, ಐಬಿಎಂ, ಇಂಟೆಲ್, ಮೈಕ್ರೋಸಾಫ್ಟ್, ಎನ್‌ಇಸಿ ಮತ್ತು ನಾರ್ಟೆಲ್ ಸಂಸ್ಥೆಗಳು ಸೇರಿ ಯೂನಿವರ್ಸಲ್ ಸೀರಿಯಲ್ ಬಸ್ ಅಥವಾ ಯುಎಸ್‌ಬಿ ಎಂಬ ಮಾನಕವನ್ನು ರೂಪಿಸಿದವು. ಇದರ ಮೊದಲ ಆವೃತ್ತಿ 1996ರ ಜನವರಿಯಲ್ಲಿ ಹೊರಬಂದಿತು. ಇಂಟೆಲ್‌ನಲ್ಲಿ ಈ ಕಾರ್ಯದಲ್ಲಿ ಪ್ರಮುಖ ಪಾತ್ರ ವಹಿಸಿದವರಲ್ಲಿ ಭಾರತೀಯ ಮೂಲದ ಎಂಜಿನಿಯರ್ ಅಜಯ್ ಭಟ್ ಒಬ್ಬರು.

ಹೊಸ ವ್ಯವಸ್ಥೆಯ ಆರಂಭವೂ ಸುಗಮವಾಗಿರಲಿಲ್ಲ. 1998ರ ಏಪ್ರಿಲ್‌ನಲ್ಲಿ ಷಿಕಾಗೋ ನಗರದ ಕಾಮ್‌ಡೆಕ್ಸ್ ಪ್ರದರ್ಶನದಲ್ಲಿ ಬಿಲ್ ಗೇಟ್ಸ್ ಅವರ ಸಮ್ಮುಖದಲ್ಲೇ ವಿಂಡೋಸ್ 98ರ ಪ್ರಾತ್ಯಕ್ಷಿಕೆ ನಡೆಯುತ್ತಿದ್ದಾಗ, ಸ್ಕ್ಯಾನರೊಂದನ್ನು ಜೋಡಿಸಿದೊಡನೆ ಯಂತ್ರವು ಸ್ಥಗಿತಗೊಂಡು ನೀಲಿ ಪರದೆ ಮೂಡಿತು. ಮುಂದೆ 2000ದಲ್ಲಿ ಯುಎಸ್‌ಬಿ 2.0, 2008ರಲ್ಲಿ ಯುಎಸ್‌ಬಿ 3.0, 2014ರಲ್ಲಿ ಎರಡು ಬದಿಯಿಂದಲೂ ಜೋಡಿಸಬಹುದಾದ ಟೈಪ್-ಸಿ ಕನೆಕ್ಟರ್ ಬಂದವು. ಭಾರತದಲ್ಲಿ ಪೆನ್‌ಡ್ರೈವ್ ಎಂದೇ ಹೆಸರಾದ ಸಂಗ್ರಹ ಸಾಧನವು 2000ದಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಸಾಮರ್ಥ್ಯ ಕೇವಲ 8 ಮೆಗಾಬೈಟ್ ಆಗಿತ್ತು.

ಗುರುತಿಸುವಿಕೆಯ ಹಂತಗಳು

ಜೋಡಿಸಿದ ಸಾಧನವನ್ನು ಗಣಕಯಂತ್ರವು ಹೇಗೆ ಅರಿಯುತ್ತದೆ ಎಂಬುದನ್ನು ಹಳೆಯ ಸ್ಥಿರ ದೂರವಾಣಿಯ ಉದಾಹರಣೆಯಿಂದ ತಿಳಿಯಬಹುದು. ಬೆಂಗಳೂರಿನ ಪೂರ್ವಭಾಗದಲ್ಲಿ ಕೃಷ್ಣರಾಜಪುರದ ಬಳಿಯ ದೂರವಾಣಿನಗರದಲ್ಲಿ 1948ರಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐಟಿಐ) ತಯಾರಿಸಿದ ದೂರವಾಣಿಗಳು ದಶಕಗಳ ಕಾಲ ದೇಶದ ಮನೆಗಳಲ್ಲಿದ್ದವು. ಆ ಉಪಕರಣದ ರಿಸೀವರ್ ಎತ್ತಿದೊಡನೆ ತಂತಿಯಲ್ಲಿ ವಿದ್ಯುತ್ ಹರಿಯುತ್ತಿತ್ತು. ಅದನ್ನು ಗಮನಿಸಿದ ಎಕ್ಸ್‌ಚೇಂಜ್ ಡಯಲ್ ಟೋನ್ ಕೊಡುತ್ತಿತ್ತು. ಯುಎಸ್‌ಬಿ ಸಾಧನವೂ ಇದೇ ರೀತಿ ತನ್ನ ಇರುವಿಕೆಯನ್ನು ತಂತಿಯ ವಿದ್ಯುತ್ ಸ್ಥಿತಿಯ ಮೂಲಕ ತಿಳಿಸುತ್ತದೆ. ಯುಎಸ್‌ಬಿ 2.0 ಕೇಬಲ್‌ನಲ್ಲಿ ಮುಖ್ಯವಾಗಿ ನಾಲ್ಕು ತಂತಿಗಳಿದ್ದು, ಎರಡು ವಿದ್ಯುತ್ತಿಗೆ, ಎರಡು ದತ್ತಾಂಶಕ್ಕೆ ಮೀಸಲಾಗಿವೆ. ಗುರುತಿಸುವಿಕೆ ನಡೆಯುವ ಕ್ರಮ ಹೀಗಿದೆ:

1. ವಿದ್ಯುತ್ ಪೂರೈಕೆ: ಪೋರ್ಟ್ ಸಾಧನಕ್ಕೆ 5 ವೋಲ್ಟ್ ವಿದ್ಯುತ್ ನೀಡುತ್ತದೆ. ಪರಿಚಯ ಮುಗಿಯುವ ಮುನ್ನ ಯುಎಸ್‌ಬಿ 2.0 ಸಾಧನವು 100 ಮಿಲಿಆಂಪಿಯರ್‌ವರೆಗೆ, ಅನುಮತಿ ದೊರೆತ ಮೇಲೆ 500 ಮಿಲಿಆಂಪಿಯರ್‌ವರೆಗೆ ಬಳಸಬಹುದು. ಯುಎಸ್‌ಬಿ 3.0ರಲ್ಲಿ ಈ ಮಿತಿ 900 ಮಿಲಿಆಂಪಿಯರ್.
2. ಇರುವಿಕೆಯ ಸೂಚನೆ: ಸಾಧನದೊಳಗಿನ 1.5 ಕಿಲೋಓಮ್ ರೋಧಕವು ದತ್ತಾಂಶದ ಎರಡು ತಂತಿಗಳಲ್ಲಿ ಒಂದರ ವೋಲ್ಟೇಜನ್ನು ಮೇಲೆತ್ತುತ್ತದೆ. ಇದರಿಂದ ಸಾಧನ ಬಂದಿರುವುದೂ ಅದರ ವೇಗದ ವರ್ಗವೂ ಗಣಕಯಂತ್ರಕ್ಕೆ ತಿಳಿಯುತ್ತದೆ.
3. ಪರಿಚಯ: ಗಣಕಯಂತ್ರವು ಸಾಧನವನ್ನು ಒಮ್ಮೆ ಮರುಹೊಂದಿಸಿ, ಅದರ ವಿವರಗಳನ್ನು ಕೇಳಿ, 1ರಿಂದ 127ರೊಳಗಿನ ಒಂದು ವಿಳಾಸ ಸಂಖ್ಯೆಯನ್ನು ಕೊಡುತ್ತದೆ. ಸಾಧನವು ತನ್ನ ತಯಾರಕರ ಸಂಖ್ಯೆಯನ್ನೂ ಮಾದರಿಯ ಸಂಖ್ಯೆಯನ್ನೂ ಹೇಳುತ್ತದೆ.
4. ಚಾಲಕ ತಂತ್ರಾಂಶ: ಆ ಸಂಖ್ಯೆಗಳಿಗೆ ಹೊಂದುವ ಚಾಲಕ ತಂತ್ರಾಂಶವನ್ನು, ಅಂದರೆ ಡ್ರೈವರನ್ನು, ಕಾರ್ಯಾಚರಣ ವ್ಯವಸ್ಥೆಯು ಹುಡುಕಿ ಚಾಲನೆಗೊಳಿಸುತ್ತದೆ.
5. ಕಡತ ವ್ಯವಸ್ಥೆ: ಸಂಗ್ರಹ ಸಾಧನವಾದರೆ ಅದರಲ್ಲಿರುವ ವಿಭಾಗಗಳನ್ನು ಓದಿ, ಅದಕ್ಕೊಂದು ಡ್ರೈವ್ ಅಕ್ಷರವನ್ನು ಕೊಟ್ಟು, ಕಡತಗಳ ಪಟ್ಟಿಯನ್ನು ತೋರಿಸುತ್ತದೆ.

ಪೆನ್‌ಡ್ರೈವಿನ ದೀಪ ಬೆಳಗಿತೆಂದರೆ ಮೊದಲನೆಯ ಹಂತ ಆಗಿದೆ ಎಂದಷ್ಟೇ ಹೇಳಬಹುದು. ವಿಂಡೋಸ್‌ನಲ್ಲಿ ಸಾಧನ ಜೋಡಿಸಿದ ಧ್ವನಿ ಕೇಳಿಸಿದರೆ ಗಣಕಯಂತ್ರವು ಏನೋ ಒಂದನ್ನು ಕಂಡಿದೆ. ಆಗ ಕಾರಣವನ್ನು ಮುಂದಿನ ಹಂತಗಳಲ್ಲಿ ಹುಡುಕಬೇಕು.

ಮೊದಲು ಪಾಲಿಸಬೇಕಾದ ಎಚ್ಚರಿಕೆ

ಸಾಧನದಲ್ಲಿ ಬೇರೆಲ್ಲೂ ಪ್ರತಿಯಿಲ್ಲದ ಕಡತಗಳಿದ್ದರೆ, ರಿಪೇರಿಗಿಂತ ಮೊದಲು ಕಡತಗಳ ರಕ್ಷಣೆಯಾಗಬೇಕು. "ಫಾರ್ಮ್ಯಾಟ್ ಡಿಸ್ಕ್", "ಇನಿಷಿಯಲೈಸ್ ಡಿಸ್ಕ್" ಎಂಬ ಸೂಚನೆಗಳು ಬಂದರೆ ಕ್ಯಾನ್ಸಲ್ ಒತ್ತಬೇಕು. ಡಿಸ್ಕನ್ನು ಸರಿಪಡಿಸುವ ತಂತ್ರಾಂಶಗಳೂ ಸಾಧನದ ಮೇಲೆ ಬರೆಯುವುದರಿಂದ, ಅವುಗಳನ್ನು ಪ್ರತಿ ತೆಗೆದುಕೊಂಡ ನಂತರವೇ ಬಳಸುವುದು ಕ್ಷೇಮ. ಸಾಧನವು ಒಮ್ಮೆ ಕಾಣಿಸಿಕೊಂಡು ಒಮ್ಮೆ ಮರೆಯಾಗುತ್ತಿದ್ದರೆ, ಕಾಣಿಸಿಕೊಂಡ ಮೊದಲ ಅವಕಾಶದಲ್ಲೇ ಮುಖ್ಯ ಕಡತಗಳನ್ನು ಗಣಕಯಂತ್ರಕ್ಕೆ ನಕಲಿಸಿಕೊಳ್ಳಬೇಕು. ಪರೀಕ್ಷೆಯನ್ನು ಆಮೇಲೆ ಮುಂದುವರಿಸಬಹುದು.

ಬದಲಿಸಿ ನೋಡುವ ಪರೀಕ್ಷೆ

ದೋಷವು ಸಾಧನದಲ್ಲಿರಬಹುದು, ಕೇಬಲ್‌ನಲ್ಲಿರಬಹುದು, ಪೋರ್ಟಿನಲ್ಲಿರಬಹುದು ಅಥವಾ ಗಣಕಯಂತ್ರದ ತಂತ್ರಾಂಶದಲ್ಲಿರಬಹುದು. ಇದನ್ನು ತಿಳಿಯಲು ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಸಾಧನ ಸರಿಯಾದರೂ ಕಾರಣ ತಿಳಿಯದೆ ಉಳಿಯುತ್ತದೆ.

- ಪೋರ್ಟ್: ಡೆಸ್ಕ್‌ಟಾಪ್ ಗಣಕಯಂತ್ರದ ಮುಂಭಾಗದ ಪೋರ್ಟುಗಳು ಒಳಗಿನ ಕೇಬಲ್ ಮೂಲಕ ಮದರ್‌ಬೋರ್ಡ್‌ಗೆ ಸೇರಿರುತ್ತವೆ, ಹಿಂಭಾಗದವು ನೇರವಾಗಿ ಮದರ್‌ಬೋರ್ಡ್‌ನಲ್ಲೇ ಇರುತ್ತವೆ. ಆದ್ದರಿಂದ ಹಿಂಭಾಗದ ಪೋರ್ಟಿನಲ್ಲಿ ಪರೀಕ್ಷಿಸುವುದು ಹೆಚ್ಚು ನಂಬಲರ್ಹ.
- ಹಬ್: ಹಬ್ ಅಥವಾ ಉದ್ದನೆಯ ವಿಸ್ತರಣ ಕೇಬಲ್ ಇದ್ದರೆ ಅದನ್ನು ತೆಗೆದು ಸಾಧನವನ್ನು ನೇರವಾಗಿ ಜೋಡಿಸಬೇಕು. ಯುಎಸ್‌ಬಿ 2.0 ಕೇಬಲ್‌ನ ಉದ್ದ 5 ಮೀಟರ್ ಮೀರಬಾರದು. ಸ್ವಂತ ಅಡಾಪ್ಟರ್ ಇಲ್ಲದ ಹಬ್ ತನಗೆ ಸಿಗುವ ವಿದ್ಯುತ್ತನ್ನೇ ಎಲ್ಲ ಸಾಧನಗಳಿಗೂ ಹಂಚುವುದರಿಂದ, ಹೊರ ಹಾರ್ಡ್‌ಡಿಸ್ಕಿಗೆ ಅದು ಸಾಲದಿರಬಹುದು.
- ಕೇಬಲ್: ಅಗ್ಗದ ಕೆಲವು ಕೇಬಲ್‌ಗಳಲ್ಲಿ ವಿದ್ಯುತ್ತಿನ ಎರಡು ತಂತಿಗಳು ಮಾತ್ರ ಇರುತ್ತವೆ. ಅವುಗಳಿಂದ ಮೊಬೈಲ್ ಚಾರ್ಜ್ ಆಗುತ್ತದೆ, ಆದರೆ ಗಣಕಯಂತ್ರಕ್ಕೆ ಫೋನ್ ಕಾಣುವುದೇ ಇಲ್ಲ. ಹೊರನೋಟಕ್ಕೆ ಎರಡೂ ಬಗೆಯ ಕೇಬಲ್ ಒಂದೇ ರೀತಿ ಇರುವುದರಿಂದ, ಕಡತ ವರ್ಗಾವಣೆಗೆ ಉಪಯೋಗಿಸಿ ಖಚಿತವಾಗಿರುವ ಕೇಬಲ್‌ನಿಂದಲೇ ಪರೀಕ್ಷಿಸಬೇಕು.
- ಗಣಕಯಂತ್ರ: ಅದೇ ಕೇಬಲ್ ಮತ್ತು ಸಾಧನವನ್ನು ಮತ್ತೊಂದು ಗಣಕಯಂತ್ರಕ್ಕೆ ಜೋಡಿಸಿ ನೋಡಬೇಕು. ಅಲ್ಲಿ ಕೆಲಸ ಮಾಡಿದರೆ ಸಾಧನವು ಚೆನ್ನಾಗಿದೆ. ಎಲ್ಲೂ ಕೆಲಸ ಮಾಡದಿದ್ದರೆ ಸಾಧನವೇ ಕೆಟ್ಟಿರುವ ಸಂಭವ ಹೆಚ್ಚು.

ಇದರ ಜೊತೆಗೆ ಗಣಕಯಂತ್ರವನ್ನು ರೀಸ್ಟಾರ್ಟ್ ಮಾಡಿ ನೋಡಬೇಕು. ವಿಂಡೋಸ್ 10 ಮತ್ತು 11ರಲ್ಲಿ ಫಾಸ್ಟ್ ಸ್ಟಾರ್ಟ್‌ಅಪ್ ಎಂಬ ವ್ಯವಸ್ಥೆ ಇರುವುದರಿಂದ ಷಟ್‌ಡೌನ್ ಮಾಡಿದಾಗ ಹಳೆಯ ಸ್ಥಿತಿಯ ಒಂದು ಭಾಗ ಉಳಿದುಕೊಳ್ಳುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಹೊಸದಾಗಿ ಆರಂಭವಾಗುತ್ತದೆ. ಅದೂ ಫಲಿಸದಿದ್ದರೆ ಯಂತ್ರವನ್ನು ನಿಲ್ಲಿಸಿ, ವಿದ್ಯುತ್ ತಂತಿಯನ್ನು ಕಳಚಿ, ಕೆಲವು ನಿಮಿಷ ಬಿಟ್ಟು ಮತ್ತೆ ಆರಂಭಿಸಬೇಕು.

ಲಕ್ಷಣಗಳು ಮತ್ತು ಅವುಗಳ ಅರ್ಥ

ಯಾವ ಪ್ರತಿಕ್ರಿಯೆಯೂ ಇಲ್ಲದಿರುವುದು

ದೀಪವಿಲ್ಲ, ಧ್ವನಿಯಿಲ್ಲ, ಪರದೆಯಲ್ಲಿ ಸೂಚನೆಯೂ ಇಲ್ಲವೆಂದರೆ ಮೊದಲೆರಡು ಹಂತಗಳಲ್ಲಿ ತಡೆಯುಂಟಾಗಿದೆ. ಪೋರ್ಟಿನಲ್ಲಿ ಧೂಳು ತುಂಬಿರುವುದು, ಲೋಹದ ಸಂಪರ್ಕಪಟ್ಟಿಗಳು ಬಾಗಿರುವುದು ಅಥವಾ ಪೆನ್‌ಡ್ರೈವಿನ ತುದಿಯ ಬೆಸುಗೆ ಬಿಟ್ಟಿರುವುದು ಕಾರಣವಾಗಿರಬಹುದು. ಟೈಪ್-ಎ ಕನೆಕ್ಟರ್ ಕನಿಷ್ಠ 1,500 ಬಾರಿ, ಟೈಪ್-ಸಿ 10,000 ಬಾರಿ ಹಾಕಿ ತೆಗೆಯುವುದನ್ನು ತಾಳಬೇಕೆಂಬುದು ಮಾನಕ; ದಿನವೂ ಬಳಸುವ ಪೋರ್ಟ್ ಕಾಲಕ್ರಮದಲ್ಲಿ ಸಡಿಲವಾಗುವುದು ಸಹಜ. ಧೂಳನ್ನು ತೆಗೆಯುವಾಗ ಯಂತ್ರವನ್ನು ಪೂರ್ತಿಯಾಗಿ ನಿಲ್ಲಿಸಿ, ಮೃದುವಾದ ಒಣ ಬ್ರಷ್ ಬಳಸಬೇಕು. ಗುಂಡುಸೂಜಿಯಿಂದ ಕೆರೆದರೆ ಎರಡು ಸಂಪರ್ಕಗಳು ಕೂಡಿಕೊಂಡು ಮದರ್‌ಬೋರ್ಡ್‌ಗೆ ಹಾನಿಯಾಗಬಹುದು.

"ಅನ್‌ನೋನ್ ಯುಎಸ್‌ಬಿ ಡಿವೈಸ್" ಎಂಬ ಸೂಚನೆ

ಗಣಕಯಂತ್ರವು ಸಾಧನದ ಇರುವಿಕೆಯನ್ನು ಅರಿತು ವಿವರ ಕೇಳಿದರೂ ಸರಿಯಾದ ಉತ್ತರ ಬಂದಿಲ್ಲ ಎಂಬುದು ಇದರ ಅರ್ಥ. ಇದು ಮೂರನೆಯ ಹಂತದ ದೋಷ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಇದರೊಂದಿಗೆ ಹೆಚ್ಚಾಗಿ ಕೋಡ್ 43 ಕಾಣಿಸುತ್ತದೆ. ಕೇಬಲ್ ದೋಷ, ವಿದ್ಯುತ್ ಕೊರತೆ ಅಥವಾ ಸಾಧನದ ಒಳಗಿನ ನಿಯಂತ್ರಕ ಚಿಪ್ ಹಾಳಾಗಿರುವುದು ಇದಕ್ಕೆ ಕಾರಣ. ಹಲವು ಗಣಕಯಂತ್ರಗಳಲ್ಲಿ ಇದೇ ಸೂಚನೆ ಬಂದರೆ ಡ್ರೈವರ್ ಬದಲಿಸುವುದರಿಂದ ಪ್ರಯೋಜನವಿಲ್ಲ.

ಹೆಸರು ಕಂಡರೂ ಕೆಲಸ ಮಾಡದಿರುವುದು

ಸಾಧನದ ಹೆಸರಿನ ಪಕ್ಕದಲ್ಲಿ ಹಳದಿ ಬಣ್ಣದ ಎಚ್ಚರಿಕೆ ಚಿಹ್ನೆ ಇದ್ದರೆ ಅದು ನಾಲ್ಕನೆಯ ಹಂತದ ತೊಂದರೆ. ಕೋಡ್ 28 ಎಂದರೆ ಡ್ರೈವರ್ ಸ್ಥಾಪನೆಯಾಗಿಲ್ಲ ಎಂದೂ, ಕೋಡ್ 10 ಎಂದರೆ ಸಾಧನವನ್ನು ಚಾಲನೆಗೊಳಿಸಲಾಗಲಿಲ್ಲ ಎಂದೂ ಅರ್ಥ. ಡ್ರೈವರನ್ನು ಸಾಧನದ ತಯಾರಕರ ಅಧಿಕೃತ ಜಾಲತಾಣದಿಂದಲೇ ಪಡೆಯಬೇಕು.

ಡಿಸ್ಕ್ ಕಂಡರೂ ಡ್ರೈವ್ ಕಾಣದಿರುವುದು

ಪೆನ್‌ಡ್ರೈವ್ ಜೋಡಿಸಿದ ಧ್ವನಿ ಬಂದು "ದಿಸ್ ಪಿಸಿ"ಯಲ್ಲಿ ಕಾಣದಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟನ್ನು ತೆರೆದು ನೋಡಬೇಕು. ಅಲ್ಲಿ ಕಾಣುವ ಸ್ಥಿತಿಗೆ ತಕ್ಕಂತೆ ಕ್ರಮ ಬೇರೆಯಾಗುತ್ತದೆ:

- ವಿಭಾಗವು ಸರಿಯಾಗಿದ್ದು ಅಕ್ಷರ ಮಾತ್ರ ಇಲ್ಲದಿದ್ದರೆ, ಅದಕ್ಕೊಂದು ಡ್ರೈವ್ ಅಕ್ಷರವನ್ನು ಕೊಟ್ಟರೆ ಸಾಕು. ಇದರಿಂದ ಕಡತಗಳಿಗೆ ಧಕ್ಕೆಯಿಲ್ಲ.
- "ರಾ" ಅಥವಾ "ಅನ್‌ಅಲೊಕೇಟೆಡ್" ಎಂದಿದ್ದರೆ ಕಡತ ವ್ಯವಸ್ಥೆಯ ಪಟ್ಟಿ ಹಾಳಾಗಿರಬಹುದು. ಕಡತಗಳು ಇನ್ನೂ ಒಳಗಿರುವ ಸಾಧ್ಯತೆಯಿರುವುದರಿಂದ ಫಾರ್ಮ್ಯಾಟ್ ಮಾಡಬಾರದು.
- "ನೋ ಮೀಡಿಯಾ" ಎಂದಿದ್ದರೆ ಪೆನ್‌ಡ್ರೈವಿನ ನಿಯಂತ್ರಕ ಚಿಪ್ ಮಾತನಾಡುತ್ತಿದೆ, ಆದರೆ ಸಂಗ್ರಹದ ಚಿಪ್‌ನೊಂದಿಗೆ ಅದರ ಸಂಪರ್ಕ ತಪ್ಪಿದೆ. ಮನೆಯಲ್ಲಿ ಮಾಡಬಹುದಾದ ಪರಿಹಾರ ಇದಕ್ಕಿಲ್ಲ. ಕಡತಗಳು ಅಮೂಲ್ಯವಾಗಿದ್ದರೆ ದತ್ತಾಂಶ ಮರುಪಡೆಯುವ ತಜ್ಞರ ಬಳಿ ಹೋಗಬೇಕು.

ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಸಿದ್ಧಪಡಿಸಿದ ಡಿಸ್ಕನ್ನು ವಿಂಡೋಸ್ ಓದಲಾರದೆ ಫಾರ್ಮ್ಯಾಟ್ ಮಾಡುವಂತೆ ಕೇಳುವುದೂ ಉಂಟು. ಅಂತಹ ಡಿಸ್ಕ್ ಕೆಟ್ಟಿರುವುದಿಲ್ಲ. ಅದನ್ನು ಸಿದ್ಧಪಡಿಸಿದ ಬಗೆಯ ಯಂತ್ರದಲ್ಲೇ ತೆರೆದು ನೋಡಬೇಕು.

ಕಡತಗಳ ಬದಲು ಷಾರ್ಟ್‌ಕಟ್‌ಗಳು ಕಾಣುವುದು

ಪೆನ್‌ಡ್ರೈವ್ ತೆರೆದರೂ ಕಡತಕೋಶಗಳ ಬದಲು ಅದೇ ಹೆಸರಿನ ಪುಟ್ಟ ಬಾಣದ ಗುರುತಿನ ಷಾರ್ಟ್‌ಕಟ್‌ಗಳು ಮಾತ್ರ ಕಂಡರೆ ಅದು ವೈರಸ್‌ನ ಕೆಲಸ. ಈ ಬಗೆಯ ವೈರಸ್ ಮೂಲ ಕಡತಕೋಶಗಳನ್ನು ಅಳಿಸದೆ ಮರೆಮಾಡಿರುತ್ತದೆ. ಷಾರ್ಟ್‌ಕಟ್ ಒತ್ತಿದರೆ ವೈರಸ್ ಗಣಕಯಂತ್ರಕ್ಕೂ ಹರಡುತ್ತದೆ. ಆದ್ದರಿಂದ ಅದನ್ನು ಮುಟ್ಟದೆ, ಮೊದಲು ವೈರಸ್ ನಿರೋಧಕ ತಂತ್ರಾಂಶದಿಂದ ಪರೀಕ್ಷಿಸಿ, ಅನಂತರ ಎಕ್ಸ್‌ಪ್ಲೋರರ್‌ನಲ್ಲಿ ಮರೆಮಾಡಿದ ಕಡತಗಳನ್ನೂ ವ್ಯವಸ್ಥೆಯ ರಕ್ಷಿತ ಕಡತಗಳನ್ನೂ ತೋರಿಸುವ ಆಯ್ಕೆಯನ್ನು ಆರಿಸಿದರೆ ಮೂಲ ಕಡತಗಳು ಗೋಚರಿಸುತ್ತವೆ. ಪೆನ್‌ಡ್ರೈವ್ ಜೋಡಿಸಿದೊಡನೆ ತಂತ್ರಾಂಶ ತಾನಾಗಿಯೇ ಚಾಲನೆಗೊಳ್ಳುವ ಸೌಲಭ್ಯದ ದುರುಪಯೋಗ ಹೆಚ್ಚಿದ್ದರಿಂದ, ಮೈಕ್ರೋಸಾಫ್ಟ್ 2011ರ ಫೆಬ್ರವರಿಯಲ್ಲಿ ಹಳೆಯ ವಿಂಡೋಸ್ ಆವೃತ್ತಿಗಳಲ್ಲೂ ಅದನ್ನು ನಿಲ್ಲಿಸುವ ಪರಿಷ್ಕರಣೆಯನ್ನು ನೀಡಿತು.

ಕನ್ನಡ ಕಡತವು ವಿಚಿತ್ರ ಅಕ್ಷರಗಳಲ್ಲಿ ತೆರೆಯುವುದು

ಹಳೆಯ ಪೆನ್‌ಡ್ರೈವಿನ ಕನ್ನಡ ಕಡತವನ್ನು ಹೊಸ ಗಣಕಯಂತ್ರದಲ್ಲಿ ತೆರೆದಾಗ ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಾಣುವುದುಂಟು. ಪೆನ್‌ಡ್ರೈವ್ ಹಾಳಾಗಿದೆಯೆಂದು ಭಾವಿಸಿ ಇಂತಹ ಕಡತಗಳನ್ನು ಅಳಿಸಿಬಿಡುವ ಅಪಾಯವಿದೆ. ವಾಸ್ತವವಾಗಿ ಇಲ್ಲಿ ಯುಎಸ್‌ಬಿಯ ಎಲ್ಲ ಹಂತಗಳೂ ಸರಿಯಾಗಿ ಮುಗಿದಿವೆ. ಯೂನಿಕೋಡ್ ವ್ಯಾಪಕವಾಗುವ ಮುನ್ನ ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಸಿದ್ಧಪಡಿಸಿದ ಕಡತಗಳಲ್ಲಿ ಕನ್ನಡ ಅಕ್ಷರದ ಭಾಗಗಳನ್ನು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಇರಿಸಲಾಗುತ್ತಿತ್ತು. ಆ ಫಾಂಟ್ ಇರುವ ಯಂತ್ರದಲ್ಲಿ ಅದು ಕನ್ನಡವಾಗಿ ಕಾಣುತ್ತದೆ. ಇಲ್ಲದ ಯಂತ್ರದಲ್ಲಿ ಮೂಲ ಸಂಕೇತಗಳೇ ಕಾಣುತ್ತವೆ. ಅದೇ ಫಾಂಟನ್ನು ಸ್ಥಾಪಿಸಿದರೆ ಬರಹ ಮರಳಿ ಓದಲು ಬರುತ್ತದೆ. ಪರಿವರ್ತಕ ತಂತ್ರಾಂಶದ ಮೂಲಕ ಅದನ್ನು ಯೂನಿಕೋಡ್‌ಗೆ ಬದಲಾಯಿಸಿ ಇಟ್ಟುಕೊಂಡರೆ ಮುಂದೆ ಯಾವ ಯಂತ್ರದಲ್ಲಾದರೂ ಓದಬಹುದು. ಪರಿವರ್ತನೆಯ ನಂತರ ಒತ್ತಕ್ಷರಗಳು ಮತ್ತು ಅರ್ಕಾವತ್ತುಗಳನ್ನು ಮೂಲದೊಂದಿಗೆ ಹೋಲಿಸಿ ನೋಡುವುದು ಒಳಿತು.

ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಪರಿಶೀಲನೆ

ವಿಂಡೋಸ್

ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ ಡಿವೈಸ್ ಮ್ಯಾನೇಜರನ್ನು ಆರಿಸಬೇಕು. "ಯೂನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್" ಎಂಬ ವಿಭಾಗದಲ್ಲಿ ಎಚ್ಚರಿಕೆ ಚಿಹ್ನೆ ಇರುವ ಸಾಧನವನ್ನು ಗುರುತಿಸಿ, ಅದನ್ನು ಅನ್‌ಇನ್‌ಸ್ಟಾಲ್ ಮಾಡಿ, ಸಾಧನವನ್ನು ಕಳಚಿ ಮತ್ತೆ ಜೋಡಿಸಿದರೆ ವಿಂಡೋಸ್ ಡ್ರೈವರನ್ನು ಹೊಸದಾಗಿ ಸ್ಥಾಪಿಸುತ್ತದೆ. ಆ ವಿಭಾಗದ ಎಲ್ಲ ನಮೂದುಗಳನ್ನೂ ಒಟ್ಟಿಗೆ ತೆಗೆಯಬಾರದು. ಕೀಲಿಮಣೆ ಮತ್ತು ಮೌಸ್ ಕೂಡ ಯುಎಸ್‌ಬಿಯಲ್ಲೇ ಇದ್ದರೆ ಅವೂ ಕೆಲಸ ನಿಲ್ಲಿಸುತ್ತವೆ. ಸಾಧನವು ಸ್ವಲ್ಪ ಹೊತ್ತು ಕೆಲಸ ಮಾಡಿ ನಿಂತುಹೋಗುತ್ತಿದ್ದರೆ, "ಯುಎಸ್‌ಬಿ ರೂಟ್ ಹಬ್" ಗುಣಲಕ್ಷಣಗಳ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ವಿದ್ಯುತ್ ಉಳಿತಾಯಕ್ಕಾಗಿ ಸಾಧನವನ್ನು ನಿಲ್ಲಿಸುವ ಆಯ್ಕೆಯನ್ನು ತೆಗೆದು ನೋಡಬಹುದು. ವಿಂಡೋಸ್ 7ರಲ್ಲಿ ಯುಎಸ್‌ಬಿ 3.0ಗೆ ಬೇಕಾದ ಡ್ರೈವರ್ ಮೊದಲಿನಿಂದ ಇರುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಸ್ಥಾಪಿಸಬೇಕು.

ಲಿನಕ್ಸ್

ಟರ್ಮಿನಲ್‌ನಲ್ಲಿ ಎಲ್, ಎಸ್, ಯು, ಎಸ್, ಬಿ ಎಂಬ ಅಕ್ಷರಗಳನ್ನು ಕೂಡಿಸಿ ಬರೆದ ಆದೇಶವು ಗುರುತಿಸಲಾದ ಸಾಧನಗಳ ಪಟ್ಟಿಯನ್ನು ತೋರಿಸುತ್ತದೆ. ಡಿ, ಎಂ, ಇ, ಎಸ್, ಜಿ ಎಂಬ ಅಕ್ಷರಗಳ ಆದೇಶವು ಜೋಡಿಸಿದ ಕ್ಷಣದಲ್ಲಿ ನಡೆದುದನ್ನು ಸಾಲುಸಾಲಾಗಿ ತೋರಿಸುತ್ತದೆ. ಅದರಲ್ಲಿ ಮೈನಸ್ 71 ಎಂಬ ದೋಷಸಂಖ್ಯೆ ಸಂವಹನದ ನಿಯಮ ತಪ್ಪಿರುವುದನ್ನೂ, ಮೈನಸ್ 110 ಸಾಧನವು ಸಕಾಲದಲ್ಲಿ ಉತ್ತರಿಸದಿರುವುದನ್ನೂ ಸೂಚಿಸುತ್ತದೆ.

ಮ್ಯಾಕ್

ಸಿಸ್ಟಮ್ ಇನ್‌ಫರ್ಮೇಶನ್‌ನ ಯುಎಸ್‌ಬಿ ವಿಭಾಗದಲ್ಲಿ ಸಾಧನವಿದೆಯೇ ಎಂದು ನೋಡಬೇಕು. ಅಲ್ಲಿದ್ದು ಫೈಂಡರ್‌ನಲ್ಲಿ ಕಾಣದಿದ್ದರೆ ಡಿಸ್ಕ್ ಯುಟಿಲಿಟಿಯಲ್ಲಿ ಪರಿಶೀಲಿಸಬೇಕು.

ಕಡತಗಳ ಮರುಪಡೆಯುವಿಕೆ

ಸಾಧನದ ಗಾತ್ರ ಸರಿಯಾಗಿ ಕಾಣುತ್ತಿದ್ದು ಕಡತ ವ್ಯವಸ್ಥೆ ಮಾತ್ರ ಹಾಳಾಗಿದ್ದರೆ, ಮೊದಲು ಇಡೀ ಸಾಧನದ ಪಡಿಯಚ್ಚನ್ನು ಮತ್ತೊಂದು ಡಿಸ್ಕಿನಲ್ಲಿ ತೆಗೆದುಕೊಳ್ಳುವುದು ಉತ್ತಮ. ಇದಕ್ಕೆ ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಎಂಬ ತಂತ್ರಾಂಶವಿದೆ. ವಿಭಾಗಗಳ ಪಟ್ಟಿಯನ್ನು ಮರಳಿ ಕಟ್ಟಲು ಟೆಸ್ಟ್‌ಡಿಸ್ಕ್, ಕಡತಗಳನ್ನು ಒಂದೊಂದಾಗಿ ಹೆಕ್ಕಲು ಫೋಟೋರೆಕ್ ಎಂಬ ಮುಕ್ತ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಫೋಟೋರೆಕ್ ಕಡತಗಳ ಮೂಲ ಹೆಸರನ್ನು ಸಾಮಾನ್ಯವಾಗಿ ಉಳಿಸದ ಕಾರಣ, ದೊರೆತ ಕಡತಗಳನ್ನು ತೆರೆದು ನೋಡಿ ವಿಂಗಡಿಸಬೇಕಾಗುತ್ತದೆ. ಮರಳಿ ದೊರೆತ ಕಡತಗಳನ್ನು ಅದೇ ಪೆನ್‌ಡ್ರೈವಿಗೆ ಉಳಿಸಕೂಡದು. ಇನ್ನೂ ಸಿಗದ ಕಡತಗಳ ಮೇಲೆಯೇ ಅವು ಬರೆಯಲ್ಪಡಬಹುದು.

ವಿಶೇಷ ಸಾಧನಗಳು

ಮೊಬೈಲ್ ಫೋನ್: ಆಂಡ್ರಾಯ್ಡ್ ಫೋನನ್ನು ಗಣಕಯಂತ್ರಕ್ಕೆ ಜೋಡಿಸಿದಾಗ ಅದು ಮೊದಲಿಗೆ ಚಾರ್ಜ್ ಮಾತ್ರ ಆಗುತ್ತದೆ. ಫೋನಿನ ಲಾಕ್ ತೆಗೆದು, ಸೂಚನಾಪಟ್ಟಿಯಲ್ಲಿ "ಫೈಲ್ ಟ್ರಾನ್ಸ್‌ಫರ್" ಆಯ್ಕೆ ಮಾಡಿದ ಮೇಲೆ ಕಡತಗಳು ಕಾಣುತ್ತವೆ.

ಬೆರಳಚ್ಚು ಸಾಧನ: ಆಧಾರ್ ದೃಢೀಕರಣಕ್ಕೆ ಬಳಸುವ ಬೆರಳಚ್ಚು ಸಾಧನಕ್ಕೆ ಡ್ರೈವರ್ ಮಾತ್ರ ಸಾಲದು, ತಯಾರಕರು ಒದಗಿಸುವ ಆರ್‌ಡಿ ಸರ್ವಿಸ್ ಎಂಬ ನೋಂದಾಯಿತ ಸೇವಾ ತಂತ್ರಾಂಶವೂ ಚಾಲನೆಯಲ್ಲಿರಬೇಕು. ಸಾಧನ ಸಿಗಲಿಲ್ಲ ಎಂಬ ಸೂಚನೆಗೂ ಬೆರಳಚ್ಚು ಹೊಂದಲಿಲ್ಲ ಎಂಬ ಸೂಚನೆಗೂ ವ್ಯತ್ಯಾಸವಿದೆ. ಮೊದಲನೆಯದು ಯಂತ್ರದ ದೋಷ. ಎರಡನೆಯದರಲ್ಲಿ ಸಾಧನ ಕೆಲಸ ಮಾಡಿದೆ, ಆದರೆ ಅಚ್ಚು ತಾಳೆಯಾಗಿಲ್ಲ. ಸೇವಾ ಕೇಂದ್ರಕ್ಕೋ ಪಡಿತರ ಅಂಗಡಿಗೋ ಬಂದ ವೃದ್ಧರನ್ನು ಬೆರಳು ಸರಿಯಿಲ್ಲವೆಂದು ಹಿಂದಕ್ಕೆ ಕಳುಹಿಸುವ ಮುನ್ನ ಇವೆರಡರಲ್ಲಿ ಯಾವ ಸೂಚನೆ ಬಂದಿದೆ ಎಂಬುದನ್ನು ಓದಿ ನೋಡಬೇಕು.

ಡಿಜಿಟಲ್ ಸಹಿಯ ಟೋಕನ್: ತೆರಿಗೆ ವಿವರ ಮತ್ತು ಟೆಂಡರ್ ಸಲ್ಲಿಕೆಗೆ ಬಳಸುವ ಈ ಟೋಕನ್ ನೋಟಕ್ಕೆ ಪೆನ್‌ಡ್ರೈವಿನಂತಿದ್ದರೂ ಸಂಗ್ರಹ ಸಾಧನವಲ್ಲ, ಅದರ ಡ್ರೈವರನ್ನು ಬೇರೆಯಾಗಿ ಸ್ಥಾಪಿಸಬೇಕಾಗುತ್ತದೆ. ಟೋಕನ್‌ನ ತಂತ್ರಾಂಶದಲ್ಲಿರುವ ಇನಿಷಿಯಲೈಸ್ ಆಯ್ಕೆಯನ್ನು ಒತ್ತಿದರೆ ಒಳಗಿನ ಸಹಿ ಅಳಿಸಿಹೋಗುತ್ತದೆ. ಅದಕ್ಕೆ ನಕಲಿರುವುದಿಲ್ಲವಾದ್ದರಿಂದ ಹೊಸ ಪ್ರಮಾಣಪತ್ರವನ್ನೇ ಪಡೆಯಬೇಕಾಗುತ್ತದೆ. ತಪ್ಪು ಗುಪ್ತಪದವನ್ನು ಪದೇ ಪದೇ ಕೊಟ್ಟರೂ ಟೋಕನ್ ಮುಚ್ಚಿಕೊಳ್ಳುತ್ತದೆ.

ಕಚೇರಿಯ ಗಣಕಯಂತ್ರಗಳು: ಕೀಲಿಮಣೆ, ಮೌಸ್ ಕೆಲಸ ಮಾಡುತ್ತಿದ್ದು ಯಾವ ಪೆನ್‌ಡ್ರೈವೂ ತೆರೆಯದಿದ್ದರೆ, ದತ್ತಾಂಶದ ಸುರಕ್ಷತೆಗಾಗಿ ಸಂಸ್ಥೆಯೇ ಸಂಗ್ರಹ ಸಾಧನಗಳನ್ನು ನಿರ್ಬಂಧಿಸಿರಬಹುದು. ಇದು ದೋಷವಲ್ಲ, ಸಂಬಂಧಪಟ್ಟವರ ಅನುಮತಿ ಪಡೆಯಬೇಕು.

ಬೆಂಗಳೂರಿನ ಸಂದರ್ಭ

ಬೆಂಗಳೂರಿನ ದಂಡು ಪ್ರದೇಶಕ್ಕೆ ಚಿಪ್ ವಿನ್ಯಾಸದ ಇತಿಹಾಸದಲ್ಲಿ ಸ್ಥಾನವಿದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು 1985ರಲ್ಲಿ ಮಿಲ್ಲರ್ಸ್ ರಸ್ತೆಯಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ಅನಂತರ ಅದು ನಗರದ ಪೂರ್ವಭಾಗದ ಸಿ.ವಿ. ರಾಮನ್ ನಗರಕ್ಕೆ ಸ್ಥಳಾಂತರಗೊಂಡಿತು. ಇಂದು ಯುಎಸ್‌ಬಿ ಸಾಧನಗಳಲ್ಲಿ ಬಳಸುವ ಚಿಪ್‌ಗಳನ್ನು ತಯಾರಿಸುವ ಸಂಸ್ಥೆಗಳಲ್ಲಿ ಅದೂ ಒಂದು.

ಜನಸಾಮಾನ್ಯರ ಬಳಕೆಯಲ್ಲಿ ಪೆನ್‌ಡ್ರೈವ್ ಹೆಚ್ಚಾಗಿ ಓಡಾಡುವುದು ಮನೆ ಮತ್ತು ಜೆರಾಕ್ಸ್ ಅಂಗಡಿಗಳ ನಡುವೆ. ಶಿವಾಜಿನಗರ, ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳಲ್ಲಿ ವಿದ್ಯಾರ್ಥಿಗಳು ಪ್ರಾಜೆಕ್ಟ್ ವರದಿಯನ್ನೂ, ಹಿರಿಯರು ಪಿಂಚಣಿ, ಬಾಡಿಗೆ ಕರಾರುಗಳ ಕಾಗದಪತ್ರಗಳನ್ನೂ ಮುದ್ರಿಸಿಕೊಳ್ಳಲು ಇಂತಹ ಅಂಗಡಿಗಳನ್ನೇ ಅವಲಂಬಿಸಿದ್ದಾರೆ. ಹಲವರ ಪೆನ್‌ಡ್ರೈವ್‌ಗಳು ಒಂದೇ ಯಂತ್ರಕ್ಕೆ ಜೋಡಣೆಯಾಗುವುದರಿಂದ ವೈರಸ್ ಹರಡಲು ಅಲ್ಲಿ ಅವಕಾಶ ಹೆಚ್ಚು. ಅಂಗಡಿಗೆ ಒಯ್ಯುವ ಪೆನ್‌ಡ್ರೈವಿನಲ್ಲಿ ಮುದ್ರಿಸಬೇಕಾದ ಕಡತದ ಪ್ರತಿ ಮಾತ್ರ ಇರಬೇಕು. ಮನೆಯ ಛಾಯಾಚಿತ್ರಗಳೂ ದಾಖಲೆಗಳೂ ಇರುವ ಪೆನ್‌ಡ್ರೈವನ್ನು ಹೊರಗೆ ಒಯ್ಯದಿರುವುದು ಲೇಸು.

ಏಪ್ರಿಲ್–ಮೇ ತಿಂಗಳ ಗಾಳಿಮಳೆಯಲ್ಲಿ ನಗರದಲ್ಲಿ ವಿದ್ಯುತ್ ಹಠಾತ್ತನೆ ಹೋಗುವುದು ಸಾಮಾನ್ಯ. ಡೆಸ್ಕ್‌ಟಾಪ್ ಗಣಕಯಂತ್ರದಿಂದ ಪೆನ್‌ಡ್ರೈವಿಗೆ ಕಡತ ನಕಲಾಗುತ್ತಿರುವಾಗ ಹೀಗಾದರೆ ಕಡತಗಳ ಪಟ್ಟಿ ಅರ್ಧ ಬರೆದ ಸ್ಥಿತಿಯಲ್ಲಿ ಉಳಿದು, ಮುಂದಿನ ಸಲ ಫಾರ್ಮ್ಯಾಟ್ ಮಾಡುವ ಸೂಚನೆ ಬರಬಹುದು. ಯುಪಿಎಸ್ ಇಲ್ಲದ ಮನೆಗಳಲ್ಲಿ ಗುಡುಗು ಮಳೆಯ ಹೊತ್ತಿನಲ್ಲಿ ಈ ಕೆಲಸವನ್ನು ಮುಂದೂಡಬೇಕು.

ಕೇಬಲ್, ಹಬ್, ಪೆನ್‌ಡ್ರೈವ್‌ಗಳ ಖರೀದಿಗೆ ನಗರದವರು ಹೋಗುವ ಪ್ರಮುಖ ಮಾರುಕಟ್ಟೆ ಎಸ್.ಪಿ. ರಸ್ತೆ. ಎಲ್ಲಿ ಕೊಂಡರೂ ಬಿಲ್ಲು ಪಡೆಯುವುದು, ಅಂಗಡಿಯಲ್ಲೇ ಜೋಡಿಸಿ ನೋಡುವುದು ಒಳ್ಳೆಯದು. ತೀರ ಕಡಿಮೆ ಬೆಲೆಗೆ ಹೆಚ್ಚಿನ ಸಾಮರ್ಥ್ಯ ಎಂದು ಮಾರುವ ಕೆಲವು ಪೆನ್‌ಡ್ರೈವ್‌ಗಳು ತಮ್ಮ ಗಾತ್ರವನ್ನೇ ಸುಳ್ಳಾಗಿ ತೋರಿಸುತ್ತವೆ. ನಿಜವಾದ ಮಿತಿ ದಾಟಿದ ಮೇಲೆ ನಕಲಿಸಿದ ಕಡತಗಳು ಉಳಿಯುವುದಿಲ್ಲ. ಹೊಸದರಲ್ಲೇ ಪೂರ್ತಿ ತುಂಬಿಸಿ, ಮರಳಿ ಓದಿ ಪರೀಕ್ಷಿಸಿದರೆ ಇದು ತಿಳಿಯುತ್ತದೆ.

ಮುನ್ನೆಚ್ಚರಿಕೆಗಳು

- ಸಾಧನವನ್ನು ಕಳಚುವ ಮುನ್ನ "ಇಜೆಕ್ಟ್" ಆಯ್ಕೆಯನ್ನು ಬಳಸಬೇಕು.
- ಪೆನ್‌ಡ್ರೈವನ್ನು ಕಡತಗಳನ್ನು ಒಯ್ಯಲು ಬಳಸಬೇಕೇ ಹೊರತು ಏಕೈಕ ಸಂಗ್ರಹವಾಗಿ ಇಟ್ಟುಕೊಳ್ಳಬಾರದು. ಅದರೊಳಗಿನ ವಿದ್ಯುತ್ ಆವೇಶವು ವರ್ಷಗಳ ಕಾಲ ಬಳಸದೆ ಇಟ್ಟಾಗ ಕ್ರಮೇಣ ಕುಂದಬಹುದು.
- ಮುಖ್ಯ ಕಡತಗಳಿಗೆ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬ ನಿಯಮವನ್ನು ಅನುಸರಿಸುವುದು ಸೂಕ್ತ.
- ದಾರಿಯಲ್ಲಿ ಸಿಕ್ಕ, ಯಾರದೆಂದು ತಿಳಿಯದ ಪೆನ್‌ಡ್ರೈವನ್ನು ಗಣಕಯಂತ್ರಕ್ಕೆ ಜೋಡಿಸಬಾರದು.

ವಿಲೇವಾರಿ

ಯಾವ ಯಂತ್ರದಲ್ಲೂ ಗುರುತಿಸಲಾಗದ ಸಾಧನದಲ್ಲೂ ಕಡತಗಳು ಉಳಿದಿರಬಹುದು. ಗುಜರಿಗೆ ಹಾಕಿದ ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕಿನಿಂದ ಪರಿಣತರು ಅವುಗಳನ್ನು ಹೊರತೆಗೆಯಬಲ್ಲರು. ಆದುದರಿಂದ ಗುರುತಿನ ಚೀಟಿ, ಬ್ಯಾಂಕ್ ದಾಖಲೆಗಳ ಪ್ರತಿಗಳಿದ್ದ ಸಾಧನವನ್ನು ಬಿಸಾಡುವ ಮುನ್ನ ಅದರೊಳಗಿನ ಸಂಗ್ರಹ ಚಿಪ್ಪನ್ನು ಒಡೆದುಹಾಕಬೇಕು. ಇವು ವಿದ್ಯುನ್ಮಾನ ತ್ಯಾಜ್ಯವಾದ್ದರಿಂದ ಮನೆಯ ಕಸದೊಂದಿಗೆ ಬೆರೆಸದೆ ಅಧಿಕೃತ ಸಂಗ್ರಹಕಾರರಿಗೆ ನೀಡಬೇಕು. ಭಾರತದಲ್ಲಿ ಈ ಕುರಿತ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ.

ಇವನ್ನೂ ನೋಡಿ

- ಯೂನಿವರ್ಸಲ್ ಸೀರಿಯಲ್ ಬಸ್
- ಪೆನ್‌ಡ್ರೈವ್
- ಕಡತ ವ್ಯವಸ್ಥೆ
- ನುಡಿ (ತಂತ್ರಾಂಶ)
- ಬರಹ (ತಂತ್ರಾಂಶ)
- ಯೂನಿಕೋಡ್
- ವಿದ್ಯುನ್ಮಾನ ತ್ಯಾಜ್ಯ